ತಿಂಡಿಯ ನಂತರದ ಕಾಫಿ ಮತ್ತು ಬಸ್ಸಾರಿನ ಕಟ್ಟು

2020ರ ಏಪ್ರಿಲ್‌ನಿಂದ ಸುಮಾರು ಒಂದೂವರೆ ವರ್ಷ ಹನುಮಂತನಗರದ ನಮ್ಮ ಮನೆಯಲ್ಲಿ ದಿನಕ್ಕೆ ಮೂರು ಹೊತ್ತು ಕಷಾಯ ಕುದಿಯುತ್ತಿತ್ತು. ತುಳಸಿ, ಚಕ್ಕೆ, ಕಾಳುಮೆಣಸು, ಒಣಶುಂಠಿ ಮತ್ತು ಒಣದ್ರಾಕ್ಷಿ ಹಾಕಿ ಕುದಿಸಿದ ಕಷಾಯವನ್ನೂ ಅರಿಶಿನ ಬೆರೆಸಿದ ಬಿಸಿ ಹಾಲನ್ನೂ ಕುಡಿಯುವಂತೆ ಆಯುಷ್ ಸಚಿವಾಲಯ ಆ ವರ್ಷ ಸಲಹೆ ನೀಡಿತ್ತು. ಅಮ್ಮ ಅದಕ್ಕೆ ಅಮೃತಬಳ್ಳಿಯನ್ನೂ ದೊಡ್ಡಪತ್ರೆಯನ್ನೂ ಸೇರಿಸಿದರು. ನಾನು ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುತ್ತವೆ ಎಂದು ಡಬ್ಬಿಯ ಮೇಲೆ ಬರೆದಿದ್ದ ಪುಡಿಗಳನ್ನೂ ಲೇಹ್ಯಗಳನ್ನೂ ತಂದು ಅಡುಗೆಮನೆಯ ಒಂದು ಗೂಡನ್ನು ಪೂರ್ತಿ ತುಂಬಿಸಿದೆ. ಅವು ಕೋವಿಡ್ ಭಯದ ದಿನಗಳಾಗಿದ್ದವು, ಕೈಗೆ ಸಿಕ್ಕಿದ್ದನ್ನು ಎಲ್ಲರೂ ಹಿಡಿದುಕೊಂಡೆವು. ಅದಕ್ಕಾಗಿ ನಾನು ಇಂದಿಗೂ ಯಾರನ್ನೂ ದೂರುವುದಿಲ್ಲ.

2022ರ ಮಳೆಗಾಲದಲ್ಲಿ ನನಗೆ ಎರಡನೆಯ ಮಹಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬರತೊಡಗಿತು. ತಿಂಗಳಿಗೊಂದು ನೆಗಡಿ, ಅದರ ಬೆನ್ನಿಗೆ ಎರಡು ವಾರದ ಕೆಮ್ಮು, ಇದು ರೂಢಿಯೇ ಆಗಿಹೋಗಿತ್ತು. ರಕ್ತಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 9.6 ಎಂದು ಬಂತು. ವಯಸ್ಕ ಮಹಿಳೆಗೆ ಅದು ಕನಿಷ್ಠ 12 ಇರಬೇಕು. ವಿಟಮಿನ್ ಡಿ ಕೂಡ ತೀರ ಕಡಿಮೆ ಇತ್ತು. ನಮ್ಮ ಬಡಾವಣೆಯ ಹಿರಿಯ ವೈದ್ಯೆಯೊಬ್ಬರು ಆ ಹಾಳೆಯನ್ನು ನೋಡಿ ಮೊದಲು ಕೇಳಿದ್ದು, "ಬೆಳಿಗ್ಗೆ ತಿಂಡಿ ಎಷ್ಟು ಹೊತ್ತಿಗೆ ತಿಂತೀರಿ, ಕಾಫಿ ಎಷ್ಟು ಹೊತ್ತಿಗೆ ಕುಡೀತೀರಿ?" ಎಂದು. ಇಡ್ಲಿ ತಿಂದು ಕೈ ತೊಳೆದ ತಕ್ಷಣ ಒಂದು ಲೋಟ ಕಾಫಿ, ಕಚೇರಿಯಲ್ಲಿ ಊಟದ ಡಬ್ಬಿ ಮುಚ್ಚಿದ ಕೂಡಲೇ ಒಂದು ಲೋಟ ಚಹಾ ಎಂದು ನಾನು ಹೇಳಿದೆ. ಅವರು ಕಬ್ಬಿಣದ ಮಾತ್ರೆ ಬರೆದುಕೊಟ್ಟು, "ಮಾತ್ರೆ ಮೂರು ತಿಂಗಳು ತಗೊಳ್ಳಿ ಅಮ್ಮಾ. ಆದರೆ ಆ ಕಾಫಿಯನ್ನು ತಿಂಡಿಯಿಂದ ಬೇರೆ ಮಾಡದಿದ್ದರೆ ಮುಂದಿನ ವರ್ಷ ಮತ್ತೆ ಇಲ್ಲಿಗೇ ಬರ್ತೀರಿ" ಎಂದರು. ಮೂರು ಹೊತ್ತು ಕಷಾಯ ಕುಡಿದ ಮನೆಯಲ್ಲಿ ದೇಹಕ್ಕೆ ನಿತ್ಯ ಬೇಕಾದ ಕಬ್ಬಿಣವೇ ಸಿಗುತ್ತಿರಲಿಲ್ಲ ಎಂಬುದು ನನ್ನನ್ನು ಬಹಳ ದಿನ ಕಾಡಿತು. ಅಲ್ಲಿಂದಾಚೆಗೆ ಓದಿ, ಕೇಳಿ, ನಮ್ಮ ಅಡುಗೆಮನೆಯಲ್ಲಿ ಮಾಡಿ ನೋಡಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ "ಹೆಚ್ಚಿಸುವುದು" ಎಂಬ ಮಾತಿನ ಬಗ್ಗೆಯೇ ನನಗೆ ತಕರಾರಿದೆ. ರೋಗನಿರೋಧಕ ವ್ಯವಸ್ಥೆ ಎಂಬುದು ಪಾತ್ರೆಯಲ್ಲಿ ನೀರು ಏರಿದಂತೆ ಏರಿಸಬಹುದಾದ ಒಂದು ವಸ್ತುವಲ್ಲ. ಚರ್ಮ, ಮೂಗು ಮತ್ತು ಕರುಳಿನ ಒಳಪದರ, ರಕ್ತದಲ್ಲಿ ಸುತ್ತುವ ಹಲವು ಬಗೆಯ ಬಿಳಿಯ ಕಣಗಳು, ಅವುಗಳಲ್ಲಿ ಕೆಲವು ತಯಾರಿಸುವ, ರೋಗಾಣುಗಳಿಗೆ ಅಂಟಿಕೊಂಡು ತಡೆಯುವ ಪ್ರತಿಕಾಯಗಳು ಎಲ್ಲವೂ ಸೇರಿ ಒಂದು ಹದದಲ್ಲಿ ನಡೆಯುವ ವ್ಯವಸ್ಥೆ ಅದು. ಅದು ಅತಿಯಾಗಿ ಕೆರಳಿದರೆ ಅಲರ್ಜಿಯೂ ಉಬ್ಬಸವೂ ಬರುತ್ತವೆ, ತನ್ನ ದೇಹವನ್ನೇ ಶತ್ರುವೆಂದು ಬಗೆದರೆ ಕೀಲುವಾತದಂಥ ಕಾಯಿಲೆಗಳಾಗುತ್ತವೆ. ಸೀನುವುದನ್ನು ನಿಲ್ಲಿಸಲಾಗದೆ ಒದ್ದಾಡುವ ಎಷ್ಟೋ ಜನರನ್ನು ಬೆಂಗಳೂರಿನಲ್ಲಿ ದಿನವೂ ನೋಡುತ್ತೇವೆ. ಅವರ ತೊಂದರೆ ಶಕ್ತಿ ಸಾಲದೆ ಬಂದದ್ದಲ್ಲ. ಆದ್ದರಿಂದ ಊಟದಿಂದ ನಾವು ಮಾಡಬಹುದಾದದ್ದು ಆ ವ್ಯವಸ್ಥೆಗೆ ಬೇಕಾದ ಸಾಮಗ್ರಿಯಲ್ಲಿ ಕೊರತೆ ಬೀಳದಂತೆ ನೋಡಿಕೊಳ್ಳುವುದು. ಕೊರತೆ ಇದ್ದವರಿಗೆ ಅದನ್ನು ತುಂಬಿದಾಗ ಆಗುವ ಲಾಭ ದೊಡ್ಡದು. ಕೊರತೆಯೇ ಇಲ್ಲದವರು ಮತ್ತಷ್ಟು ಸುರಿದುಕೊಂಡರೆ ಆಗುವ ಲಾಭ ಅತ್ಯಲ್ಪ.

ಆ ಸಾಮಗ್ರಿಯಲ್ಲಿ ಮೊದಲನೆಯದು ಪ್ರೋಟೀನ್. ಪ್ರತಿಕಾಯಗಳು ಪ್ರೋಟೀನಿನಿಂದಲೇ ಆದವು, ಸೋಂಕು ಬಂದಾಗ ಬಿಳಿಯ ಕಣಗಳು ಬೇಗಬೇಗನೆ ಇಮ್ಮಡಿಯಾಗುವುದಕ್ಕೂ ಅದೇ ಬೇಕು. ಆರೋಗ್ಯವಂತ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು ಹೇಳುತ್ತದೆ. ಅಂದರೆ 60 ಕಿಲೋ ತೂಕದವರಿಗೆ ಸುಮಾರು 50 ಗ್ರಾಂ. ನಮ್ಮ ಮನೆಯ ಊಟವನ್ನು ಒಂದು ವಾರ ತೂಗಿ ಬರೆದಿಟ್ಟಾಗ ನನಗೆ ಕಂಡದ್ದು, ಅನ್ನದ ರಾಶಿಯ ಮೇಲೆ ನಾವು ಹಾಕಿಕೊಳ್ಳುತ್ತಿದ್ದ ತಿಳಿಸಾರಿನಲ್ಲಿ ಬೇಳೆ ಹೆಸರಿಗೆ ಮಾತ್ರ ಇತ್ತು ಎಂಬುದು. ಮೂವತ್ತು ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 7 ಗ್ರಾಂ, ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ ಅಷ್ಟೇ, ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿ 6 ಗ್ರಾಂನಷ್ಟು ಪ್ರೋಟೀನ್ ಇರುತ್ತದೆ. ಇವನ್ನು ದಿನದ ಮೂರೂ ಹೊತ್ತಿಗೆ ಹಂಚಿದರೆ ಲೆಕ್ಕ ಕಷ್ಟವಿಲ್ಲದೆ ತುಂಬುತ್ತದೆ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಪರಿಷೆಯಿಂದ ತರುವ ಕಡಲೆಕಾಯಿ, ಅದು ಮುಗಿಯುವ ಹೊತ್ತಿಗೆ ಮಾಗಡಿ ಕಡೆಯಿಂದ ಬರುವ ಸೊಗಡಿನ ಅವರೆಕಾಯಿ, ಸಂಕ್ರಾಂತಿಯ ಎಳ್ಳು, ಕೊಬ್ಬರಿ ಮತ್ತು ಹುರಿಗಡಲೆ: ಚಳಿಗಾಲದ ಮೂರು ತಿಂಗಳು ನಮ್ಮ ಊರಿನಲ್ಲಿ ಪ್ರೋಟೀನಿನ ಹಬ್ಬವೇ ನಡೆಯುತ್ತದೆ. ಹಿತಕಿದ ಬೇಳೆಯ ಸಾರು ಮಾಡಿದ ದಿನ ನಮ್ಮ ಮನೆಯಲ್ಲಿ ಯಾರಿಗೂ ಪ್ರೋಟೀನಿನ ಉಪದೇಶ ಬೇಕಾಗುವುದಿಲ್ಲ.

ಇನ್ನು ಕಬ್ಬಿಣ ಮತ್ತು ಕಾಫಿಯ ವಿಷಯ. ಸೋಂಕಿನ ವಿರುದ್ಧ ಹೋರಾಡುವ ಲಿಂಫೋಸೈಟ್ ಎಂಬ ಬಿಳಿಯ ಕಣಗಳು ವೃದ್ಧಿಯಾಗಲು ಕಬ್ಬಿಣ ಬೇಕು, ನುಂಗಿದ ರೋಗಾಣುಗಳನ್ನು ಕೊಲ್ಲಲು ಬಿಳಿಯ ಕಣಗಳು ಬಳಸುವ ಕಿಣ್ವಗಳಿಗೂ ಅದು ಬೇಕು. ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡ 57 ಮಂದಿಗೆ ರಕ್ತಹೀನತೆ ಇದೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಸೊಪ್ಪು, ಕಾಳು, ರಾಗಿಗಳಲ್ಲಿರುವ ಕಬ್ಬಿಣ ದೇಹಕ್ಕೆ ಸುಲಭವಾಗಿ ದಕ್ಕುವಂಥದ್ದಲ್ಲ. ಕಾಫಿ ಮತ್ತು ಚಹಾದಲ್ಲಿರುವ ಪಾಲಿಫಿನಾಲ್‌ಗಳು ಅದನ್ನು ಇನ್ನಷ್ಟು ಕಟ್ಟಿಹಾಕುತ್ತವೆ. 1983ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನದಲ್ಲಿ ಊಟದ ಜೊತೆಗೆ ಕುಡಿದ ಒಂದು ಕಪ್ ಕಾಫಿ ಕಬ್ಬಿಣದ ಹೀರಿಕೆಯನ್ನು ಶೇಕಡ 39ರಷ್ಟು, ಚಹಾ ಶೇಕಡ 64ರಷ್ಟು ತಗ್ಗಿಸಿದ್ದು ಕಂಡುಬಂತು. ಆ ಅಧ್ಯಯನದ ಇನ್ನೊಂದು ವಿವರ ನನಗೆ ಹೆಚ್ಚು ಉಪಯೋಗಕ್ಕೆ ಬಂದಿತು: ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿಯಿಂದ ಯಾವ ಇಳಿಕೆಯೂ ಆಗಲಿಲ್ಲ, ಆದರೆ ಊಟವಾಗಿ ಒಂದು ಗಂಟೆಯ ನಂತರ ಕುಡಿದದ್ದು ಜೊತೆಯಲ್ಲಿ ಕುಡಿದಷ್ಟೇ ಅಡ್ಡಿ ಮಾಡಿತು. ಊಟಕ್ಕೆ ಕನಿಷ್ಠ ಒಂದು ಗಂಟೆ ಮೊದಲೂ ನಂತರವೂ ಕಾಫಿ, ಚಹಾ ಬೇಡವೆಂದು ವೈದ್ಯಕೀಯ ಸಂಶೋಧನಾ ಮಂಡಳಿಯ 2024ರ ಆಹಾರ ಮಾರ್ಗಸೂಚಿಯೂ ಹೇಳಿದೆ.

ಹಾಗಾಗಿ ಬೆಂಗಳೂರಿನವರು ಕಾಫಿಯನ್ನು ಬಿಡಬೇಕಾದ ಪ್ರಮೇಯವೇನೂ ಇಲ್ಲ. ಬೆಳಿಗ್ಗೆ ಆರು ಗಂಟೆಗೆ ಪತ್ರಿಕೆಯ ಜೊತೆಗೆ ಕುಡಿಯುವ ಫಿಲ್ಟರ್ ಕಾಫಿ ಎಂಟೂವರೆಯ ತಿಂಡಿಗೆ ತೊಂದರೆ ಕೊಡುವುದಿಲ್ಲ. ತೊಂದರೆ ಇರುವುದು ಹೋಟೆಲಿನಲ್ಲಿ ಇಡ್ಲಿ–ವಡೆಯ ತಟ್ಟೆ ಕೆಳಗಿಡುವ ಮೊದಲೇ ಕೈಗೆ ಬರುವ ಎರಡನೆಯ ಲೋಟದಲ್ಲಿ. ಅದನ್ನು ನಾನು ಹನ್ನೊಂದು ಗಂಟೆಗೆ ಸರಿಸಿದೆ. ಮೊದಲ ಹದಿನೈದು ದಿನ ತಲೆನೋವು ಬಂದಿತು ಎಂಬುದನ್ನೂ ಹೇಳಬೇಕು, ಆಮೇಲೆ ಅಭ್ಯಾಸವಾಯಿತು.

ಕಾಫಿ ಕಸಿದುಕೊಳ್ಳುವುದನ್ನು ನಿಂಬೆಹಣ್ಣು ಬಿಡಿಸಿಕೊಡುತ್ತದೆ. ಅದೇ ತುತ್ತಿನಲ್ಲಿ ವಿಟಮಿನ್ ಸಿ ಇದ್ದರೆ ಸಸ್ಯಮೂಲದ ಕಬ್ಬಿಣ ಕರುಳಿಗೆ ಹೀರಲು ಸುಲಭವಾದ ರೂಪದಲ್ಲಿ ಉಳಿಯುತ್ತದೆ. ರಾಮನವಮಿಯಂದು ಬಡಾವಣೆ ಬಡಾವಣೆಗಳಲ್ಲಿ ಹಂಚುವ ಕೋಸಂಬರಿಯನ್ನು ಈ ದೃಷ್ಟಿಯಿಂದ ನೋಡಿದಾಗ ನನಗೆ ಅದರ ಮೇಲೆ ಹೊಸ ಗೌರವ ಹುಟ್ಟಿತು: ನೆನೆದ ಹೆಸರುಬೇಳೆ, ಹಸಿ ಸೌತೆಕಾಯಿ, ತೆಂಗಿನತುರಿ, ಕೊತ್ತಂಬರಿ, ಮೇಲೆ ಹಿಂಡಿದ ನಿಂಬೆರಸ. ಬೇಳೆಯ ಕಬ್ಬಿಣಕ್ಕೆ ಬೇಕಾದ ಜೊತೆಗಾರ ಅದೇ ದೊನ್ನೆಯಲ್ಲಿದ್ದಾನೆ, ಒಲೆಯ ಉರಿ ತಾಗದೆ ಇರುವುದರಿಂದ ವಿಟಮಿನ್ ನಷ್ಟವಾಗುವುದೂ ಇಲ್ಲ. ಅದನ್ನು ವರ್ಷಕ್ಕೊಮ್ಮೆ ತಿನ್ನುವ ಬದಲು ವಾರಕ್ಕೆ ಮೂರು ದಿನ ಮಾಡುವುದು ಈಗ ನನ್ನ ಮಗಳ ಜವಾಬ್ದಾರಿ.

ಸೊಪ್ಪಿನ ವಿಷಯಕ್ಕೆ ಬಂದರೆ ನನಗೆ ಮಾತು ಮುಗಿಯುವುದಿಲ್ಲ. ಗಾಂಧಿ ಬಜಾರಿನಲ್ಲಿ ಬೆಳಿಗ್ಗೆ ಏಳು ಗಂಟೆಗೆ ಹೋದರೆ ದಂಟು, ಮೆಂತ್ಯ, ಸಬ್ಬಸಿಗೆ, ಪಾಲಕ್, ಹೊನಗೊನೆ, ಬಸಳೆ, ನುಗ್ಗೆಸೊಪ್ಪುಗಳು ನೀರು ಚಿಮುಕಿಸಿಕೊಂಡು ಕುಳಿತಿರುತ್ತವೆ. ಕಡುಹಸಿರು ಸೊಪ್ಪಿನಲ್ಲಿರುವ ಬೀಟಾ ಕೆರೋಟಿನ್ ನಮ್ಮ ದೇಹದಲ್ಲಿ ವಿಟಮಿನ್ ಎ ಆಗುತ್ತದೆ. ಮೂಗು, ಗಂಟಲು, ಶ್ವಾಸನಾಳ, ಕರುಳುಗಳ ಒಳಪದರವನ್ನು ಕಾಪಾಡುವುದು ಆ ವಿಟಮಿನ್, ಅಂದರೆ ರೋಗಾಣುವಿಗೆ ಬಾಗಿಲಲ್ಲೇ ಅಡ್ಡ ನಿಲ್ಲುವುದು ಅದರ ಕೆಲಸ. ಅದರ ಕೊರತೆಯಿಂದ ಮಕ್ಕಳ ಕಣ್ಣು ಹೋಗುತ್ತಿದ್ದ ಕಾಲದಲ್ಲಿ, 1970ರಲ್ಲಿ, ಚಿಕ್ಕ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ವಿಟಮಿನ್ ಎ ದ್ರಾವಣ ಕುಡಿಸುವ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ಕೆರೋಟಿನ್ ಕೊಬ್ಬಿನಲ್ಲಿ ಕರಗುವ ವಸ್ತುವಾದ್ದರಿಂದ ಎಣ್ಣೆಯಿಲ್ಲದ ಸೊಪ್ಪು ದೇಹಕ್ಕೆ ಪೂರ್ತಿ ದಕ್ಕುವುದಿಲ್ಲ. ತೂಕ ಇಳಿಸುವ ಉತ್ಸಾಹದಲ್ಲಿ ನಾನು ಒಂದು ವರ್ಷ ಒಗ್ಗರಣೆಯನ್ನೇ ಕೈಬಿಟ್ಟು ಸೊಪ್ಪನ್ನು ಬರೀ ನೀರಿನಲ್ಲಿ ಬೇಯಿಸಿ ತಿಂದಿದ್ದೆ, ಬೆಂದ ನೀರನ್ನು ಚೆಲ್ಲಿಯೂ ಬಿಡುತ್ತಿದ್ದೆ. ಈಗ ಯೋಚಿಸಿದರೆ ಆ ವರ್ಷದ ಸೊಪ್ಪಿನಲ್ಲಿ ನಾನು ಪಡೆದದ್ದು ಹೆಚ್ಚಾಗಿ ನಾರನ್ನು ಮಾತ್ರ.

ಅಮ್ಮ ಹಾಗೆ ಎಂದೂ ಮಾಡಿದವರಲ್ಲ. ಮಾಗಡಿ ಸೀಮೆಯಿಂದ ಬಂದ ಅವರ ಕೈಯಲ್ಲಿ ಸೊಪ್ಪೆಂದರೆ ಬಸ್ಸಾರು. ತೊಗರಿಬೇಳೆಯನ್ನೋ ಹುರುಳಿಕಾಳನ್ನೋ ಮುಕ್ಕಾಲು ಬೇಯಿಸಿ, ಅದಕ್ಕೆ ಹೆಚ್ಚಿದ ಸೊಪ್ಪು ಸೇರಿಸಿ, ಎರಡೂ ಬೆಂದ ಮೇಲೆ ನೀರನ್ನು ಬಸಿಯುತ್ತಾರೆ. ಬಸಿದ ಕಟ್ಟಿಗೆ ಹುರಿದು ರುಬ್ಬಿದ ಬೆಳ್ಳುಳ್ಳಿ, ಈರುಳ್ಳಿ, ಮೆಣಸಿನಕಾಯಿ, ಜೀರಿಗೆ, ಕಾಳುಮೆಣಸು, ತೆಂಗಿನಕಾಯಿ, ಹುಣಸೆಹಣ್ಣಿನ ಖಾರ ಬೆರೆತು ಸಾರಾಗುತ್ತದೆ. ಉಳಿದ ಸೊಪ್ಪು–ಕಾಳಿಗೆ ಒಗ್ಗರಣೆ ಮತ್ತು ಕಾಯಿತುರಿ ಬಿದ್ದು ಪಲ್ಯವಾಗುತ್ತದೆ. ನೀರಿನಲ್ಲಿ ಕರಗಿಹೋಗುವ ಫೋಲೇಟ್, ಉಳಿದ ಬಿ ವಿಟಮಿನ್‌ಗಳು, ಖನಿಜಗಳು ಯಾವುವೂ ಮೋರಿ ಸೇರುವುದಿಲ್ಲ, ಎಲ್ಲವೂ ಮುದ್ದೆಯ ಪಕ್ಕಕ್ಕೆ ಬರುತ್ತವೆ. ಉರಿಗೆ ವಿಟಮಿನ್ ಸಿ ಒಂದಷ್ಟು ಹಾಳಾಗುತ್ತದೆ ಎಂಬುದು ನಿಜ. ಅದನ್ನು ಊಟದ ಕೊನೆಯ ಹಣ್ಣಿನಿಂದ ತುಂಬಿಕೊಳ್ಳಬಹುದು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಧಾನ್ಯ ಮತ್ತು ಬೇಳೆಗಳ ಜೊತೆಗೆ ಬೆಳ್ಳುಳ್ಳಿ ಅಥವಾ ಈರುಳ್ಳಿ ಇದ್ದಾಗ ಅವುಗಳ ಕಬ್ಬಿಣವೂ ಸತುವೂ (ಜಿಂಕ್) ಹೀರಿಕೆಗೆ ಹೆಚ್ಚು ಲಭ್ಯವಾಗುತ್ತವೆ ಎಂಬುದು ಕಂಡುಬಂದಿತು. ಅದು ಪ್ರಯೋಗಾಲಯದ ಗಾಜಿನ ಪಾತ್ರೆಯಲ್ಲಿ ಜೀರ್ಣಕ್ರಿಯೆಯನ್ನು ಅನುಕರಿಸಿ ಮಾಡಿದ ಅಧ್ಯಯನ, ಮನುಷ್ಯರ ಮೇಲೆ ಮಾಡಿದ್ದಲ್ಲ. ಆದರೂ ಬೇಳೆ, ಸೊಪ್ಪು, ಬೆಳ್ಳುಳ್ಳಿ, ಈರುಳ್ಳಿಗಳು ಒಂದೇ ಪಾತ್ರೆಯಲ್ಲಿ ಕೂಡುವ ಬಸ್ಸಾರಿನ ಬಗ್ಗೆ ನನಗೆ ಇದ್ದ ಪ್ರೀತಿಗೆ ಅದರಿಂದ ಇನ್ನೊಂದು ಕಾರಣ ದೊರೆಯಿತು. ಡಬ್ಬಿಯ ಪುಡಿಗೂ ಅಮ್ಮನ ಬಸ್ಸಾರಿಗೂ ನಡುವೆ ಒಂದನ್ನು ಆರಿಸಬೇಕಾಗಿ ಬಂದರೆ ನಾನು ಕ್ಷಣವೂ ಯೋಚಿಸುವುದಿಲ್ಲ.

ಸತುವಿನ ಕಥೆ ನಮಗೆ ಹತ್ತಿರದ್ದು. ಬಿಹಾರದ ಬಕ್ಸರ್‌ನಲ್ಲಿ ಹುಟ್ಟಿದ ವೈದ್ಯ ಆನಂದ ಪ್ರಸಾದ್ ಅವರು 1950ರ ದಶಕದ ಕೊನೆಯಲ್ಲಿ ಇರಾನಿನ ಶಿರಾಜ್ ನಗರದಲ್ಲಿ ಕೆಲಸ ಮಾಡುತ್ತಿದ್ದಾಗ, ಇಪ್ಪತ್ತೊಂದು ವರ್ಷವಾಗಿದ್ದರೂ ಹತ್ತು ವರ್ಷದ ಹುಡುಗನಂತೆ ಕಾಣುತ್ತಿದ್ದ ರೋಗಿಯೊಬ್ಬ ಅವರ ಬಳಿಗೆ ಬಂದ. ಅಂಥ ಇನ್ನೂ ಹಲವರನ್ನು ಪರೀಕ್ಷಿಸಿದಾಗ ಅವರ ಆಹಾರವೆಲ್ಲ ಹುದುಗು ಬರಿಸದ ರೊಟ್ಟಿಯೇ ಆಗಿದ್ದುದು, ಆ ಹಿಟ್ಟಿನಲ್ಲಿದ್ದ ಫೈಟೇಟ್ ಎಂಬ ವಸ್ತು ಸತುವನ್ನು ಹಿಡಿದಿಟ್ಟು ದೇಹಕ್ಕೆ ಸಿಗದಂತೆ ಮಾಡುತ್ತಿದ್ದುದು ಗೊತ್ತಾಯಿತು. ಮನುಷ್ಯರಿಗೆ ಸತು ಅತ್ಯಗತ್ಯವೆಂದೂ, ಅದರ ಕೊರತೆಯಿಂದ ಎದೆಯೊಳಗಿನ ಥೈಮಸ್ ಗ್ರಂಥಿ ಸೊರಗಿ ಅಲ್ಲಿ ಬೆಳೆಯುವ ಟಿ ಎಂಬ ಬಿಳಿಯ ಕಣಗಳು ಕುಂದುತ್ತವೆಂದೂ ಜಗತ್ತು ಒಪ್ಪಿಕೊಂಡದ್ದು ಅವರ ಮತ್ತು ಅವರ ನಂತರದವರ ಕೆಲಸದಿಂದ. ಫೈಟೇಟ್ ನಮ್ಮ ಅಕ್ಕಿ, ರಾಗಿ, ಬೇಳೆ, ಕಾಳುಗಳಲ್ಲಿಯೂ ಇದೆ. ಅದನ್ನು ಒಡೆಯುವ ದಾರಿಗಳು ಮೂರು: ನೆನೆಸುವುದು, ಮೊಳಕೆ ಬರಿಸುವುದು, ಹುದುಗು ಬರಿಸುವುದು. ರಾತ್ರಿಯಿಡೀ ಉಬ್ಬಿದ ಇಡ್ಲಿ ಹಿಟ್ಟಿನಲ್ಲಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ತರಿಸಿದ ಹುರುಳಿ ಮತ್ತು ಹೆಸರುಕಾಳಿನಲ್ಲಿ, ಮೊಳಕೆ ಕಟ್ಟಿ ಒಣಗಿಸಿ ಹುರಿದು ಬೀಸಿದ ರಾಗಿಯಲ್ಲಿ ಆ ಕೆಲಸ ತಾನಾಗಿಯೇ ಆಗಿರುತ್ತದೆ. ಮೊಳಕೆ ಬಂದಾಗ ಒಣಕಾಳಿನಲ್ಲಿ ಇಲ್ಲದ ವಿಟಮಿನ್ ಸಿ ಕೂಡ ಹುಟ್ಟುತ್ತದೆ. ಅಕ್ಕಿ ಹಿಟ್ಟಿಗೆ ಸೋಡಾ ಹಾಕಿ ಹತ್ತು ನಿಮಿಷದಲ್ಲಿ ಹುಯ್ಯುವ ದಿಢೀರ್ ದೋಸೆಯಲ್ಲಿ ಇದು ಯಾವುದೂ ನಡೆಯುವುದಿಲ್ಲ. ಅವಸರಕ್ಕೆ ಒಮ್ಮೊಮ್ಮೆ ಇರಲಿ, ದಿನವೂ ಬೇಡ.

ಹಣ್ಣಿನ ವಿಷಯದಲ್ಲಿ ನನ್ನದು ಸೀಬೆಹಣ್ಣಿನ ಪಕ್ಷ. ನೂರು ಗ್ರಾಂ ಸೀಬೆಯಲ್ಲಿ ಸುಮಾರು 200 ಮಿಲಿಗ್ರಾಂ ವಿಟಮಿನ್ ಸಿ ಇರುತ್ತದೆ. ಮೂಸಂಬಿ, ಕಿತ್ತಳೆಗಳಲ್ಲಿ ಇರುವುದು ಅದರ ಕಾಲುಭಾಗದಷ್ಟು. ದಿನಕ್ಕೆ ಬೇಕಾಗಿರುವುದು ಗಂಡಸರಿಗೆ 80, ಹೆಂಗಸರಿಗೆ 65 ಮಿಲಿಗ್ರಾಂ. ಅರ್ಧ ಸೀಬೆಹಣ್ಣಿಗೆ ಕೈಗೂಡುವ ಕೆಲಸಕ್ಕೆ ದೂರದೇಶದಿಂದ ಬಂದ ದುಬಾರಿ ಕಿವಿ ಹಣ್ಣನ್ನು ಏಕೆ ಹುಡುಕಬೇಕೆಂದು ನನಗೆ ಅರ್ಥವಾಗುವುದಿಲ್ಲ. ಬೆಟ್ಟದ ನೆಲ್ಲಿಕಾಯಿ ಸೀಬೆಗಿಂತಲೂ ಮುಂದಿದೆ. ವಿಮಾನ ನಿಲ್ದಾಣದ ಹೆಸರಿನಲ್ಲೇ ಈಗ ಹೆಚ್ಚಿನವರಿಗೆ ಪರಿಚಯವಿರುವ ದೇವನಹಳ್ಳಿಯ ಚಕ್ಕೋತಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಅದರ ನೂರು ಗ್ರಾಂ ತೊಳೆಯಲ್ಲಿ ಸುಮಾರು 60 ಮಿಲಿಗ್ರಾಂ ಸಿಗುತ್ತದೆ. ಸಿಕ್ಕಾಗ ದಯವಿಟ್ಟು ಕೊಳ್ಳಿ, ಕೊಳ್ಳುವವರಿದ್ದರೆ ತಾನೆ ಬೆಳೆಯುವವರು ಉಳಿಯುತ್ತಾರೆ. ರಕ್ತದೊತ್ತಡಕ್ಕೋ ಕೊಲೆಸ್ಟರಾಲ್‌ಗೋ ಮಾತ್ರೆ ನುಂಗುವವರು ಮಾತ್ರ ಚಕ್ಕೋತ ತಿನ್ನುವ ಮೊದಲು ವೈದ್ಯರನ್ನು ಕೇಳುವುದು ಒಳ್ಳೆಯದು, ಏಕೆಂದರೆ ಕೆಲವು ಔಷಧಿಗಳ ಜೊತೆಗೆ ಅದು ಹೊಂದುವುದಿಲ್ಲ.

ವಿಟಮಿನ್ ಸಿ ನೆಗಡಿಯನ್ನು ತಡೆಯುತ್ತದೆಯೇ ಎಂಬ ಪ್ರಶ್ನೆಗೆ ಸಿಕ್ಕಿರುವ ಉತ್ತರವನ್ನು ನೇರವಾಗಿ ಹೇಳಿಬಿಡಬೇಕು. 2013ರಲ್ಲಿ ಪ್ರಕಟವಾದ ಕಾಕ್ರೇನ್ ಸಂಸ್ಥೆಯ ಪರಾಮರ್ಶೆ 11,306 ಮಂದಿ ಪಾಲ್ಗೊಂಡ ಪ್ರಯೋಗಗಳನ್ನು ಒಟ್ಟಿಗೆ ನೋಡಿತು. ನಿತ್ಯ ವಿಟಮಿನ್ ಸಿ ಮಾತ್ರೆ ನುಂಗಿದ ಸಾಮಾನ್ಯ ಜನರಿಗೆ ನೆಗಡಿ ಬರುವುದೇನೂ ಕಡಿಮೆಯಾಗಲಿಲ್ಲ. ಬಂದ ನೆಗಡಿಯ ಅವಧಿ ದೊಡ್ಡವರಲ್ಲಿ ಶೇಕಡ 8ರಷ್ಟು, ಮಕ್ಕಳಲ್ಲಿ ಶೇಕಡ 14ರಷ್ಟು ತಗ್ಗಿತು. ಏಳು ದಿನದ ನೆಗಡಿಯಲ್ಲಿ ಅರ್ಧ ದಿನ ಉಳಿಯಿತು ಎಂದಿಟ್ಟುಕೊಳ್ಳಬಹುದು. ನೆಗಡಿ ಹಿಡಿದ ಮೇಲೆ ಮಾತ್ರೆ ಶುರುಮಾಡಿದವರಿಗೆ ಖಚಿತವಾದ ಲಾಭ ಕಾಣಲಿಲ್ಲ. ದಿನವೂ ಹಣ್ಣು ತಿನ್ನುವವರಿಗೆ ಆ ಮಾತ್ರೆಯಿಂದ ಹೆಚ್ಚೇನೂ ಆಗುವುದಿಲ್ಲ ಎಂದು ನಾನು ಇದರಿಂದ ತಿಳಿದುಕೊಂಡೆ.

ಅರಿಶಿನದ ಬಗ್ಗೆ ಬರೆಯುವಾಗ ಸ್ವಲ್ಪ ಎಚ್ಚರಿಕೆ ಬೇಕಾಗುತ್ತದೆ, ಏಕೆಂದರೆ ಅದರ ಮೇಲೆ ನಮಗಿರುವ ನಂಬಿಕೆ ಬಹಳ ಹಳೆಯದು. ಅರಿಶಿನದಲ್ಲಿರುವ ಕರ್ಕ್ಯುಮಿನ್ ದೇಹಕ್ಕೆ ಸೇರುವುದು ತೀರ ಕಡಿಮೆ, ಸೇರಿದ್ದೂ ಬೇಗನೆ ಹೊರಹೋಗುತ್ತದೆ. ಕಾಳುಮೆಣಸಿನ ಪೈಪರಿನ್ ಅದನ್ನು ಬದಲಿಸುತ್ತದೆ ಎಂದು ತೋರಿಸಿದ, ಜಗತ್ತಿನಾದ್ಯಂತ ಉಲ್ಲೇಖಗೊಳ್ಳುವ 1998ರ ಅಧ್ಯಯನ ನಡೆದದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ. ಆರೋಗ್ಯವಂತ ಸ್ವಯಂಸೇವಕರಿಗೆ 2 ಗ್ರಾಂ ಕರ್ಕ್ಯುಮಿನ್ ಜೊತೆಗೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ಕರ್ಕ್ಯುಮಿನ್‌ನ ಲಭ್ಯತೆ ಶೇಕಡ 2000ದಷ್ಟು ಏರಿತು. ಜಾಹೀರಾತುಗಳು ಈ ಅಂಕಿಯನ್ನು ಮಾತ್ರ ಹೇಳುತ್ತವೆ, ಪ್ರಮಾಣವನ್ನು ಹೇಳುವುದಿಲ್ಲ. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಸುಮಾರು ಶೇಕಡ 3ರಷ್ಟಿರುತ್ತದೆ. ಆ ಲೆಕ್ಕದಲ್ಲಿ 2 ಗ್ರಾಂ ಕರ್ಕ್ಯುಮಿನ್‌ಗೆ ಅರವತ್ತು ಗ್ರಾಂಗೂ ಹೆಚ್ಚು ಅರಿಶಿನ ಬೇಕು, ನಾವು ಹಾಲಿಗೆ ಹಾಕುವುದು ಒಂದು ಗ್ರಾಂ ಕೂಡ ಇರುವುದಿಲ್ಲ. ಗಂಟಲು ಕೆರೆಯುವ ರಾತ್ರಿ ಅರಿಶಿನ, ಮೆಣಸು ಹಾಕಿದ ಬಿಸಿ ಹಾಲು ಹಿತವಾಗಿರುತ್ತದೆ, ನಾನೂ ಕುಡಿಯುತ್ತೇನೆ. ಅದರಲ್ಲಿ ದೇಹಕ್ಕೆ ನಿಜವಾಗಿ ದೊಡ್ಡ ಪಾಲು ಕೊಡುವುದು ಹಾಲು. ಪುಡಿಗೆ ಬಣ್ಣ ಬೆರೆಸುವ ಮೋಸ ಇರುವುದರಿಂದ ಅರಿಶಿನದ ಕೊಂಬು ತಂದು ಮಿಲ್ಲಿನಲ್ಲಿ ಪುಡಿ ಮಾಡಿಸುತ್ತೇವೆ.

ಅಮೃತಬಳ್ಳಿಯನ್ನು ನಾವು ನಿಲ್ಲಿಸಿದೆವು. ತಿಂಗಳುಗಟ್ಟಲೆ ಅದನ್ನು ಸೇವಿಸಿ ಯಕೃತ್ತಿಗೆ ಹಾನಿಯಾದ ರೋಗಿಗಳ ವಿವರವನ್ನು 2021ರಲ್ಲಿ ಮುಂಬೈನ ವೈದ್ಯರು ಪ್ರಕಟಿಸಿದರು. ಆಯುಷ್ ಸಚಿವಾಲಯ ಆ ಸಂಬಂಧವನ್ನು ಒಪ್ಪಲಿಲ್ಲ. ಆದರೆ ತಜ್ಞರಲ್ಲಿ ಒಮ್ಮತವಿಲ್ಲದ ಬಳ್ಳಿಯನ್ನು ಎಪ್ಪತ್ತು ದಾಟಿದ ಅಮ್ಮನಿಗೆ ದಿನವೂ ಕುದಿಸಿ ಕೊಡಲು ನನಗೆ ಧೈರ್ಯ ಬರಲಿಲ್ಲ. ಮನೆಯ ಗಿಡವೆಂದ ಮಾತ್ರಕ್ಕೆ ಅದು ಎಷ್ಟು ಕುಡಿದರೂ ನಿರಪಾಯವೆಂಬ ಭಾವನೆ ನನ್ನಲ್ಲಿಯೂ ಇತ್ತು, ಅದನ್ನು ಬಿಡುವುದು ಸುಲಭವಾಗಲಿಲ್ಲ. ಜೇನುತುಪ್ಪವನ್ನೂ ಇಲ್ಲೇ ಹೇಳಿಬಿಡುತ್ತೇನೆ: ಕೆಮ್ಮಿಗೆ ಅದು ಹಿತ, ಆದರೆ ಒಂದು ವರ್ಷ ತುಂಬದ ಮಗುವಿನ ನಾಲಿಗೆಗೆ ಒಂದು ಹನಿಯನ್ನೂ ಮುಟ್ಟಿಸಬಾರದು, ಬಾಟುಲಿಸಂ ಎಂಬ ಪ್ರಾಣಾಪಾಯದ ಕಾಯಿಲೆ ಬರಬಹುದು.

ಮೊಸರಿನ ವಿಷಯದಲ್ಲಿ ಒಂದು ಸಂಗತಿ ನನಗೆ ಬಹಳ ಇಷ್ಟವಾಯಿತು. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಇಲ್ಯಾ ಮೆಚ್ನಿಕಾಫ್ ಎಂಬ ವಿಜ್ಞಾನಿ ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಮುಳ್ಳು ಚುಚ್ಚಿ, ಆ ಮುಳ್ಳನ್ನು ಜೀವಕೋಶಗಳು ಸುತ್ತುವರಿಯುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ರೋಗಾಣುಗಳನ್ನು ನುಂಗುವ ಕಣಗಳು ನಮ್ಮೊಳಗಿವೆ ಎಂಬ ತಿಳಿವಳಿಕೆ ಅಲ್ಲಿಂದ ಬೆಳೆಯಿತು, 1908ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯೂ ಬಂತು. ಕರುಳಿನ ಆರೋಗ್ಯಕ್ಕೂ ದೀರ್ಘಾಯುಷ್ಯಕ್ಕೂ ಬಲ್ಗೇರಿಯದ ಹುಳಿ ಮೊಸರು ಒಳ್ಳೆಯದೆಂದು ಜಗತ್ತಿಗೆ ಹೇಳಿದವರೂ ಅವರೇ. ದೀರ್ಘಾಯುಷ್ಯದ ಮಾತು ಸಾಬೀತಾಗಲಿಲ್ಲ, ಆದರೆ ಕರುಳಿಗೂ ರೋಗನಿರೋಧಕ ವ್ಯವಸ್ಥೆಗೂ ಇರುವ ನಂಟು ಇಂದು ದೃಢವಾಗಿದೆ. ಆ ವ್ಯವಸ್ಥೆಯ ಅನೇಕ ಕಣಗಳು ಇರುವುದು ಕರುಳಿನ ಸುತ್ತ. ಮೊಸರು ಜೀವಂತ ಬ್ಯಾಕ್ಟೀರಿಯಾಗಳನ್ನು ಒದಗಿಸಿದರೆ, ಕಾಳು, ಸೊಪ್ಪು, ರಾಗಿಗಳ ನಾರು ಕರುಳಿನಲ್ಲಿ ಈಗಾಗಲೇ ನೆಲೆಸಿರುವ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ. ಮಜ್ಜಿಗೆಹುಳಿಯಲ್ಲಿ ಕುದಿದ ಮೇಲೆ ಆ ಬ್ಯಾಕ್ಟೀರಿಯಾಗಳು ಬದುಕುವುದಿಲ್ಲ, ಆದ್ದರಿಂದ ಊಟದ ಕೊನೆಗೆ ಕಲಸುವ ಹಸಿ ಮೊಸರನ್ನ ಮತ್ತು ನೀರುಮಜ್ಜಿಗೆಗಳನ್ನು ಬಿಡಬಾರದು. ನೆಗಡಿಯಾದಾಗ ಮೊಸರು ಬೇಡವೆಂಬ ಅಮ್ಮನ ಮಾತನ್ನು ನಾನು ಮೀರಲು ಹೋಗಿಲ್ಲ. ನಾಲ್ಕು ದಿನ ಬಿಟ್ಟರೆ ನಷ್ಟವೇನಿಲ್ಲ.

ಎರಡು ವಿಟಮಿನ್‌ಗಳ ವಿಷಯದಲ್ಲಿ ಬಸ್ಸಾರಿನ ಕೈಯಲ್ಲೂ ಏನೂ ಆಗದು. ವಿಟಮಿನ್ ಡಿ ಆಹಾರದಲ್ಲಿ ಇರುವುದೇ ಕಡಿಮೆ: ಮೊಟ್ಟೆಯ ಹಳದಿ, ಕೊಬ್ಬಿರುವ ಮೀನು, ಪ್ಲಸ್ ಎಫ್ ಗುರುತಿರುವ ಪೌಷ್ಟಿಕಾಂಶ ಬೆರೆಸಿದ ಹಾಲು ಮತ್ತು ಅಡುಗೆ ಎಣ್ಣೆ, ಇಷ್ಟೇ. ಹದಿಮೂರು ಡಿಗ್ರಿ ಅಕ್ಷಾಂಶದಲ್ಲಿರುವ ಈ ಊರಿಗೆ ಬಿಸಿಲಿನ ಬರವಿಲ್ಲ, ಆದರೆ ಕಾರಿನಿಂದ ಲಿಫ್ಟಿಗೆ, ಲಿಫ್ಟಿನಿಂದ ಕಚೇರಿಗೆ ನಡೆಯುವ ನಮ್ಮ ಚರ್ಮಕ್ಕೆ ಅದು ತಾಗುವುದೇ ಇಲ್ಲ. ವಿಟಮಿನ್ ಬಿ12 ಸಸ್ಯಾಹಾರದಲ್ಲಿ ಸಿಗುವುದು ಹಾಲು, ಮೊಸರುಗಳಿಂದ ಮಾತ್ರ. ವಯಸ್ಸಾದವರ ದೇಹಕ್ಕೆ ಅದನ್ನು ಹೀರಿಕೊಳ್ಳುವ ಶಕ್ತಿಯೂ ಕುಂದುತ್ತದೆ. ನನಗೆ ಡಿ, ಅಮ್ಮನಿಗೆ ಬಿ12 ಇಂದಿಗೂ ವೈದ್ಯರು ಬರೆದುಕೊಟ್ಟಂತೆ ನಡೆಯುತ್ತಿವೆ.

ಕುಡಿಯುವುದಕ್ಕೆ ಈಗ ನಮ್ಮ ಮನೆಯಲ್ಲಿ ಇರುವುದು ಬೇಸಿಗೆಗೆ ಮಜ್ಜಿಗೆ ಮತ್ತು ರಾಗಿ ಅಂಬಲಿ, ಮಳೆಗೆ ಜೀರಿಗೆ–ಮೆಣಸಿನ ಸಾರು, ಸಂಜೆ ಮಗಳು ಶಾಲೆಯಿಂದ ಬಂದಾಗ ಮೊಳಕೆ ರಾಗಿಯ ಮಾಲ್ಟ್. ಮಕ್ಕಳ ಶಕ್ತಿಗೆಂದು ಮಾರುವ ಪುಡಿಗಳ ಡಬ್ಬಿ ತಿರುಗಿಸಿ ಹಿಂಭಾಗದ ಚಿಕ್ಕ ಅಕ್ಷರಗಳನ್ನು ಓದಿ ನೋಡಿ, ಸಕ್ಕರೆಯ ಪ್ರಮಾಣ ಎಷ್ಟಿದೆ ಎಂಬುದು ಅಲ್ಲಿಯೇ ಇರುತ್ತದೆ. ಒಂದು ಲೋಟ ಹಾಲಿಗೆ ಎರಡು ಚಮಚ ರಾಗಿ ಮಾಲ್ಟ್, ಚೂರು ಬೆಲ್ಲ, ಏಲಕ್ಕಿ ಹಾಕಿದರೆ ಅದಕ್ಕಿಂತ ಹೆಚ್ಚಿನದು ಮಗುವಿಗೆ ಬೇಕಿಲ್ಲ.

2023ರ ಜನವರಿಯಲ್ಲಿ ಮತ್ತೆ ರಕ್ತಪರೀಕ್ಷೆ ಮಾಡಿಸಿದಾಗ ನನ್ನ ಹಿಮೋಗ್ಲೋಬಿನ್ 12.3 ಇತ್ತು. ಅದರಲ್ಲಿ ಮಾತ್ರೆಯ ಪಾಲು ದೊಡ್ಡದೆಂದು ವೈದ್ಯೆ ಹೇಳಿದರು, ನಾನೂ ಒಪ್ಪುತ್ತೇನೆ. ಮಾತ್ರೆ ನಿಲ್ಲಿಸಿದ ಒಂದು ವರ್ಷದ ನಂತರವೂ ಅದು 12ಕ್ಕಿಂತ ಕೆಳಗಿಳಿಯಲಿಲ್ಲ, ಈ ಪಾಲು ಊಟದ್ದು. ಆ ವರ್ಷ ನನಗೆ ಎರಡು ಬಾರಿ ನೆಗಡಿಯಾಯಿತು, ಎರಡೂ ವಾರದೊಳಗೆ ಹೋದವು. ಫ್ಲೂ ಲಸಿಕೆಯನ್ನು ಅಮ್ಮನಿಗೂ ನನಗೂ ವರ್ಷಕ್ಕೊಮ್ಮೆ ಹಾಕಿಸುತ್ತೇನೆ, ಆ ಕೆಲಸವನ್ನು ಯಾವ ಸೊಪ್ಪೂ ಮಾಡಲಾರದು. ಪುಡಿಗಳಿದ್ದ ಗೂಡಿನಲ್ಲಿ ಈಗ ಹುರುಳಿ, ಹೆಸರುಕಾಳು, ಅಲಸಂದೆ, ಕರಿ ಎಳ್ಳುಗಳ ಡಬ್ಬಿಗಳಿವೆ. ಎರಡನೆಯ ಕಾಫಿ ಹನ್ನೊಂದು ಗಂಟೆಗೇ ನಡೆಯುತ್ತಿದೆ.